ಅಭಿಮಾನಿಯೂ ಅವನ ರಥವೂ

ಒಂದು ವಸ್ತುವನ್ನು ಬಹುಕಾಲ ಒಲಿದು ಬಂದವನಿಗೆ, ಅವನು ಅದನ್ನು ಮಾಡಿದವನಲ್ಲದಿದ್ದರೂ ಕೊಂಡವನಲ್ಲದಿದ್ದರೂ, ಅದರ ಮೇಲೆ ಏನಾದರೊಂದು ಹಕ್ಕು ಹುಟ್ಟುವುದೇ? ಗುಡಿಯ ಗೋಪುರಕ್ಕೆ ಒಪ್ಪದ ಬಣ್ಣ ಬಳಿದರೆ ಊರಿನವರು ಮುನಿಯುವರು. ಬಹುಕಾಲದಿಂದ ಆಡುತ್ತ ಬಂದ ನಾಟಕದಲ್ಲಿ ಒಂದು ಹಾಡನ್ನು ಬಿಟ್ಟರೆ ಪ್ರೇಕ್ಷಕರು ಗದ್ದಲವೆಬ್ಬಿಸುವರು. ಊರಿನವರು ಶಿಲ್ಪಿಗಳಲ್ಲ, ಪ್ರೇಕ್ಷಕರು ನಟರಲ್ಲ. ಆದರೂ ಅವರ ಮುನಿಸನ್ನು ಬರಿಯ ಅಧಿಕಪ್ರಸಂಗವೆಂದು ತಳ್ಳಿಬಿಡಲು ಮನಸ್ಸು ಒಪ್ಪುವುದಿಲ್ಲ. ಈ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಜಪಾನ್ ದೇಶದ ಒಂದು ಮೋಟಾರು ರಥದ ಸುತ್ತ ಬಹು ತೀವ್ರವಾಗಿ ಚರ್ಚೆಗೆ ಬಂದಿತು. ಕಾರುಗಳ ಮಾತು ಸಾಹಿತ್ಯದ ಪತ್ರಿಕೆಗೇಕೆ ಎಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳಿಕೊಳ್ಳಬೇಕು. ಮನುಷ್ಯನು ಯಾವುದನ್ನು ಕುರಿತು ಮನಸ್ಸು ಬಿಚ್ಚಿ ಜಗಳವಾಡುವನೋ ಅಲ್ಲಿ ಅವನ ಧರ್ಮಬುದ್ಧಿಯೂ ಹೊರಬೀಳುವುದು.

2023ನೆಯ ಇಸವಿಯ ಜನವರಿ ತಿಂಗಳಿನಲ್ಲಿ, ಟೋಕಿಯೊ ಆಟೋ ಸಲೋನ್ ಎಂಬ ಪ್ರದರ್ಶನದಲ್ಲಿ ನಿಸ್ಸಾನ್ ಕಂಪನಿಯವರು ತಮ್ಮ ಜಿ.ಟಿ.ಆರ್. ಕಾರಿನ ತಿದ್ದಿದ ಮಾದರಿಯೊಂದನ್ನು ಜನರ ಮುಂದಿಟ್ಟರು. ಅದರ ದೇಹವೇನೋ 2007ರಲ್ಲಿ ಹುಟ್ಟಿದುದೇ. ಮುಂದಿನ ಹಿಂದಿನ ಬಂಪರುಗಳು ಬದಲಾಗಿದ್ದುವು; ಹಿಂಬದಿಯ ರೆಕ್ಕೆ ಬೇರೆ ರೂಪವನ್ನು ತಾಳಿತ್ತು; ಶಬ್ದದ ಹೊಸ ನಿಯಮಕ್ಕೆ ಒಳಪಡುವಂತೆ ಸೈಲೆನ್ಸರನ್ನು ಹೊಸದಾಗಿ ರಚಿಸಿದ್ದರು. ಇಂಜಿನಿನ ಬಲವು ಮೊದಲಿದ್ದಂತೆಯೇ 570 ಅಶ್ವಶಕ್ತಿ, ನಿಸ್ಮೊ ಎಂಬ ಉಗ್ರತರ ಮಾದರಿಯಲ್ಲಿ 600. ಇಷ್ಟಕ್ಕೇ ಅಭಿಮಾನಿಗಳು ಇಬ್ಭಾಗವಾದರು, ಮುಬ್ಭಾಗವಾದರು. ಹದಿನಾರು ವರ್ಷದ ಮುದುಕನಿಗೆ ಹೊಸ ಅಂಗಿ ತೊಡಿಸಿ ಮದುವೆಗೆ ಕರೆತಂದಿದ್ದಾರೆಂದು ಕೆಲವರು ಹಾಸ್ಯಮಾಡಿದರು. ಇದು ಮುಪ್ಪಲ್ಲ, ಮಾಗುವಿಕೆ ಎಂದು ಇನ್ನು ಕೆಲವರು ಕೈಮುಗಿದರು. ಮೂರನೆಯ ಪಂಗಡವೊಂದುಂಟು; ಅವರಿಗೆ 2023ರ ಮಾತು ಹಾಗಿರಲಿ, 2007ರ ಕಾರೇ ನಿಜವಾದ ಜಿ.ಟಿ.ಆರ್. ಅಲ್ಲ. ಅದಕ್ಕೆ ಸ್ಕೈಲೈನ್ ಎಂಬ ಮನೆತನದ ಹೆಸರಿಲ್ಲ, ಎಡಗಾಲಿಗೆ ಕ್ಲಚ್ಚಿಲ್ಲ, ಕೈಗೆ ಗೇರಿನ ಕೋಲಿಲ್ಲ. ಹೀಗಿರಲು ಆ ಹೆಸರು ಮಾತ್ರ ಏಕೆ ಎಂಬುದು ಅವರ ವಾದ.

ಈ ಮೂರನೆಯವರ ಮಾತಿನಿಂದಲೇ ವಿಚಾರವನ್ನು ಆರಂಭಿಸಬಹುದು, ಏಕೆಂದರೆ ಅದು ಅತ್ಯಂತ ಪುರಾತನವಾದ ತತ್ತ್ವಪ್ರಶ್ನೆ. ಯವನರಾಜನಾದ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವು ಪಾಳಿ ಭಾಷೆಯ ಗ್ರಂಥದಲ್ಲಿ ಉಳಿದುಬಂದಿದೆ. ಅರಸನು ರಥದಲ್ಲಿ ಬಂದೆನೆಂದು ಹೇಳಲು, ರಥವೆಂದರೆ ಯಾವುದು, ಅಚ್ಚೇ, ಗಾಲಿಯೇ, ನೊಗವೇ ಎಂದು ಭಿಕ್ಷುವು ಒಂದೊಂದಾಗಿ ಕೇಳುತ್ತ ಹೋಗುವನು. ಯಾವುದೂ ರಥವಲ್ಲ, ಇವೆಲ್ಲದರ ಕೂಟವನ್ನು ಆಶ್ರಯಿಸಿ ನಿಂತ ಹೆಸರು ಮಾತ್ರ ಅದು. ಜಪಾನ್ ದೇಶದವರಿಗೆ ಈ ಭಾವವು ಹೊಸದೇನಲ್ಲ. ಅವರ ಇಸೆ ಎಂಬ ಪುಣ್ಯಕ್ಷೇತ್ರದ ಮರದ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚಿಬಿಡುವರು. 2013ರಲ್ಲಿ ಹೀಗೆ ಅರುವತ್ತೆರಡನೆಯ ಸಲ ನಡೆಯಿತು. ಮರವೆಲ್ಲವೂ ಹೊಸತು, ಆದರೂ ದೇಗುಲವು ಪುರಾತನವೇ ಎಂದು ಭಕ್ತರು ನಂಬುವರು. ತೊಲೆ ಕಂಬಗಳಲ್ಲಿ ಹಳಮೆ ಇಲ್ಲ. ಬಡಗಿಯು ಮಗನಿಗೆ ಕಲಿಸಿದ ಕೆಲಸದಲ್ಲಿದೆ.

ಜಿ.ಟಿ.ಆರ್. ಎಂಬ ಹೆಸರಿನ ಚರಿತ್ರೆಯನ್ನು ನೋಡಿದರೆ ಈ ಕೂಟವು ಎಷ್ಟು ಸಲ ಬದಲಾಯಿತೆಂಬುದು ತಿಳಿಯುವುದು. ವಂಶದ ಕೀರ್ತಿಯು ಹುಟ್ಟಿದುದು ಒಂದು ಸೋಲಿನಲ್ಲಿ. 1964ರಲ್ಲಿ ಸುಜುಕಾದ ಪಂದ್ಯದಲ್ಲಿ ಪ್ರಿನ್ಸ್ ಕಂಪನಿಯ ಸ್ಕೈಲೈನ್ ಕಾರೊಂದು ಜರ್ಮನಿಯ ಪೋರ್ಶೆಯನ್ನು ಒಂದೇ ಒಂದು ಸುತ್ತಿನ ಮಟ್ಟಿಗೆ ಹಿಂದೆ ಹಾಕಿತು. ಗೆದ್ದುದು ಪೋರ್ಶೆಯೇ, ಆದರೆ ಜಪಾನಿನವರ ನೆನಪಿನಲ್ಲಿ ನಿಂತುದು ಆ ಒಂದು ಸುತ್ತು. 1966ರಲ್ಲಿ ಪ್ರಿನ್ಸ್ ಕಂಪನಿಯು ನಿಸ್ಸಾನಿನಲ್ಲಿ ಸೇರಿಹೋಯಿತು. 1969ರಲ್ಲಿ ಬಂದ ಮೊದಲನೆಯ ಜಿ.ಟಿ.ಆರ್. ನಾಲ್ಕು ಬಾಗಿಲುಗಳ, ನೋಡಲು ಸಾಧುವಾದ ಮನೆವಾರ್ತೆಯ ಕಾರು. ಒಳಗೆ ಮಾತ್ರ ಪಂದ್ಯದ ಕಾರಿನಿಂದ ಇಳಿದುಬಂದ ಎರಡು ಲೀಟರಿನ, 160 ಅಶ್ವಶಕ್ತಿಯ ಇಂಜಿನು. 1973ರ ಎರಡನೆಯ ಪೀಳಿಗೆಯಲ್ಲಿ ಮಾಡಿದುದು 197 ಕಾರುಗಳು ಮಾತ್ರ. ಅನಂತರ ಹದಿನಾರು ವರ್ಷ ಆ ಹೆಸರೇ ಇರಲಿಲ್ಲ. 1989ರಲ್ಲಿ ಮತ್ತೆ ಹುಟ್ಟಿದಾಗ ನಾಲ್ಕು ಗಾಲಿಗಳಿಗೂ ಬಲ ಹಾಯಿಸುವ ಯಂತ್ರವೂ, ಅದನ್ನು ಕ್ಷಣಕ್ಷಣಕ್ಕೆ ಅಳೆದು ಹಂಚುವ ಕಂಪ್ಯೂಟರೂ ಕೂಡಿಬಂದಿದ್ದುವು. ಅಭಿಮಾನಿಗಳು ಇಂದು ವಂಶದ ತಿಲಕವೆಂದು ಪೂಜಿಸುವ ಹಿಂಬದಿಯ ನಾಲ್ಕು ದುಂಡು ದೀಪಗಳಂತೂ ಮೂಲಪುರುಷನಿಗೆ ಇರಲೇ ಇಲ್ಲ! 1995ರ ಪೀಳಿಗೆಯನ್ನು ಅದು ಬೆಳೆದು ದಪ್ಪವಾಯಿತೆಂದು ಹಳಿದರು. ಈಗ ಅದನ್ನೇ ಹುಡುಕಿ ದುಬಾರಿ ಬೆಲೆ ಕೊಟ್ಟು ಕೊಳ್ಳುವರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ದೂರದ ಕಾಲಕ್ಕೂ ಸಲ್ಲುವುದೆಂದು ತೋರುತ್ತದೆ.

ಹಾಗಾದರೆ ಅಭಿಮಾನಿಯ ಆಕ್ಷೇಪಣೆಯೆಲ್ಲವೂ ಭ್ರಾಂತಿಯೋ? ಅಷ್ಟು ಬೇಗ ತೀರ್ಪು ಹೇಳುವುದು ಸಲ್ಲದು. ನಾಗಸೇನನ ಮಾತನ್ನು ಕೊನೆಯವರೆಗೂ ಎಳೆದರೆ ಯಾವ ಹೆಸರನ್ನು ಯಾವ ವಸ್ತುವಿಗೆ ಬೇಕಾದರೂ ಅಂಟಿಸಬಹುದೆಂದಾಗುವುದು. ವ್ಯಾಪಾರಿಗೆ ಅದಕ್ಕಿಂತ ಅನುಕೂಲವಾದ ತತ್ತ್ವವಿಲ್ಲ. ಇಸೆಯ ಬಡಗಿಯು ಮರವನ್ನು ಬದಲಾಯಿಸುವನೇ ಹೊರತು ಕೆಲಸದ ಕ್ರಮವನ್ನು ಬದಲಾಯಿಸುವುದಿಲ್ಲ. ಹೀಗೆ ನೋಡಿದರೆ ಕ್ಲಚ್ಚಿಗಾಗಿ ಅಳುವವನು ಒಂದು ಕಬ್ಬಿಣದ ತುಂಡಿಗಾಗಿ ಅಳುತ್ತಿಲ್ಲ. ಕಾರಿಗೂ ಮನುಷ್ಯನಿಗೂ ಇದ್ದ ಒಂದು ಕೊಡುಕೊಳೆಯು ನಿಂತುಹೋಯಿತೆಂದು ಅಳುವನು. ಅವನ ಮಾತಿನ ಸಾರವಿಷ್ಟು: ಮೊದಲು ಕಾರು ತನ್ನನ್ನು ಏನನ್ನೋ ಕೇಳುತ್ತಿತ್ತು, ಈಗ ಕೇಳುವುದಿಲ್ಲ.

ಇಲ್ಲಿ ಎರಡನೆಯ ಪ್ರಶ್ನೆ, ಮೊದಲನೆಯದಕ್ಕಿಂತ ಗಹನವಾದುದು, ಎದ್ದುನಿಲ್ಲುವುದು. ಯಂತ್ರವೇ ಜಾಣತನ ತೋರಿದಾಗ ಹೊಗಳಿಕೆಯು ಯಾರಿಗೆ ಸಲ್ಲಬೇಕು? ನಳೋಪಾಖ್ಯಾನದ ಒಂದು ಪ್ರಸಂಗವನ್ನು ವಾಚಕರು ಬಲ್ಲರು. ಬಾಹುಕನೆಂಬ ವೇಷದಲ್ಲಿದ್ದ ನಳನು ಋತುಪರ್ಣನ ರಥವನ್ನು ಕುಂಡಿನಪುರಕ್ಕೆ ಓಡಿಸಿಕೊಂಡು ಬಂದನು. ರಥವು ಪರರದು, ಕುದುರೆಗಳು ನೋಡಲು ಬಡಕಲು. ಆದರೂ ಉಪ್ಪರಿಗೆಯಲ್ಲಿದ್ದ ದಮಯಂತಿಯು ರಥದ ಘೋಷವನ್ನು ಕೇಳಿದ ಮಾತ್ರದಿಂದಲೇ ಓಡಿಸುವವನು ಯಾರೆಂದು ಊಹಿಸಿದಳು. ಅವಳು ಗುರುತಿಸಿದುದು ಸಾರಥಿಯನ್ನು. ಇಂದಿನ ಕಾರಿನ ಘೋಷವನ್ನು ಕೇಳಿದವನು ಕಂಪನಿಯ ಹೆಸರನ್ನು ಹೇಳಬಲ್ಲನು, ಮಾದರಿಯ ವರ್ಷವನ್ನೂ ಹೇಳಬಲ್ಲನು. ಒಳಗಿರುವವನು ನಳನೋ ಬೇರೊಬ್ಬನೋ ಎಂದು ಹೇಳಲಾರನು.

ಈ ಅನುಮಾನವು ಒಮ್ಮೆ ಬಯಲಿನಲ್ಲಿ, ಸಾವಿರಾರು ಜನರ ಕಂಠದಿಂದ ಹೊರಬಿದ್ದಿತು. ಆಸ್ಟ್ರೇಲಿಯಾ ದೇಶದ ಬ್ಯಾಥರ್ಸ್ಟ್ ಎಂಬಲ್ಲಿ ಬೆಟ್ಟದ ಸುತ್ತ ಒಂದು ಪ್ರಸಿದ್ಧವಾದ ಪಂದ್ಯ ನಡೆಯುವುದು. ಅಲ್ಲಿಯ ಜನಕ್ಕೆ ತಮ್ಮ ನಾಡಿನ ಹೋಲ್ಡನ್, ಫೋರ್ಡ್ ಕಾರುಗಳೆಂದರೆ ಪ್ರಾಣ. ಜಪಾನಿನ ಈ ಕಾರಿಗೆ ಚಲಚ್ಚಿತ್ರದ ರಾಕ್ಷಸನಾದ ಗಾಡ್ಜಿಲ್ಲಾನ ಹೆಸರನ್ನಿಟ್ಟವರೂ ಆ ದೇಶದ ಪತ್ರಿಕೆಯವರೇ. 1991ರಲ್ಲಿ ಅದು ಗೆದ್ದಿತು. 1992ರ ಅಕ್ಟೋಬರಿನಲ್ಲಿ ಜಿಮ್ ರಿಚರ್ಡ್ಸ್, ಮಾರ್ಕ್ ಸ್ಕೈಫ್ ಎಂಬಿಬ್ಬರು ಓಡಿಸುತ್ತಿದ್ದ ಕಾರು ಮತ್ತೆ ಮುಂದಿತ್ತು. ಕೊನೆಗಾಲಕ್ಕೆ ಜಡಿಮಳೆ ಹಿಡಿಯಿತು. ಒಣನೆಲಕ್ಕೆ ಹಾಕಿದ್ದ ಟೈರುಗಳ ಮೇಲೆ ರಿಚರ್ಡ್ಸನ ಕಾರು ಜಾರಿ ಜಜ್ಜಿಹೋಯಿತು, ಪಂದ್ಯವನ್ನು ನಿಲ್ಲಿಸಿದರು, ಹಿಂದಿನ ಸುತ್ತಿನ ಕ್ರಮದಂತೆ ಫಲಿತಾಂಶವನ್ನು ಎಣಿಸಬೇಕೆಂಬ ನಿಯಮವಿದ್ದುದರಿಂದ ಜಜ್ಜಿಹೋದ ಕಾರೇ ಗೆದ್ದಿತೆಂದು ಸಾರಿದರು. ಗೆದ್ದವರು ಮೇಲೇರಿ ನಿಂತಾಗ ನೆರೆದ ಜನರು ಕೂಗಿ ಹೀಯಾಳಿಸಿದರು. ಅದೇ ದಿನ ಅದೇ ಪಂದ್ಯದಲ್ಲಿ, 1967ರ ವಿಶ್ವವಿಜೇತನಾದ ಡೆನ್ನಿ ಹಲ್ಮ್ ಎಂಬಾತನು ಕಾರು ಓಡಿಸುತ್ತಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡಿದ್ದನು. ಅವನು ರಿಚರ್ಡ್ಸನ ಗೆಳೆಯ. ಆ ದುಃಖದ ಮೇಲೆ ಈ ಕೂಗು ಕಿವಿಗೆ ಬಿದ್ದುದರಿಂದ ರಿಚರ್ಡ್ಸನು ಧ್ವನಿವರ್ಧಕದ ಮುಂದೆಯೇ ಜನರನ್ನು ಅಚ್ಚುಹಾಕಲಾಗದ ಮಾತುಗಳಿಂದ ಬೈದುಬಿಟ್ಟನು. ಮರುವರ್ಷದಿಂದ ಆ ಬಗೆಯ ಕಾರುಗಳಿಗೆ ಅಲ್ಲಿ ಎಡೆಯೇ ಇಲ್ಲದಂತೆ ನಿಯಮಗಳು ಬದಲಾದುವು.

ಜನರ ದೂರು ಪೂರ್ತಿ ಹುರುಳಿಲ್ಲದುದೇನೂ ಅಲ್ಲ. ಸರಿಸಮಾನರಲ್ಲದವರ ಓಟವು ಓಟವಲ್ಲವೆಂಬ ನ್ಯಾಯಬುದ್ಧಿಯೇ ಆ ದೂರಿನ ಬೇರು. ಆದರೆ ಅವರು ಕಣ್ಣೆದುರಿಗೆ ನಡೆದುದನ್ನೇ ಕಾಣಲಿಲ್ಲ. ಗೆಲುವು ಯಂತ್ರದ್ದೇ ಆಗಿದ್ದರೆ ಮಳೆಯಲ್ಲಿ ಆ ಯಂತ್ರವು ಏಕೆ ಜಾರಿತು? ನಾಲ್ಕು ಗಾಲಿಗಳಿಗೂ ಬಲ ಹಾಯಿಸಿದ ಜಾಣ್ಮೆಯು ಟೈರು ನೆಲವನ್ನು ಹಿಡಿಯದಿದ್ದಾಗ ಏನೂ ಮಾಡಲಾರದೆ ಹೋಯಿತು. ಅಷ್ಟು ಸುತ್ತುಗಳ ಕಾಲ ಅದನ್ನು ಮುಂದಿಟ್ಟವರು ಮನುಷ್ಯರು, ಕೊನೆಯಲ್ಲಿ ತಪ್ಪಿದವನೂ ಮನುಷ್ಯ. ಗೆಲುವನ್ನು ಯಂತ್ರಕ್ಕೆ ಕೊಟ್ಟು ಸೋಲನ್ನು ಮಾತ್ರ ಮನುಷ್ಯನಿಗೆ ಹೊರಿಸುವುದು ನ್ಯಾಯವಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಹಳೆಯದು. ಚೆನ್ನಾಗಿ ಕುಣಿದವಳನ್ನು ಕಂಡು ನೆಲವೇ ಕುಣಿಯಿತೆನ್ನುವುದು ಹೊಸ ಗಾದೆಯಾದೀತು.

ಆದರೂ ಬೀದಿಯ ಮಾತು ಪಂದ್ಯದ ಮಾತಲ್ಲ. ಪಂದ್ಯದಲ್ಲಿ ಕಾರಿನ ಮಿತಿಯನ್ನು ಮುಟ್ಟುವವನಿಗೆ ಯಂತ್ರದ ನೆರವೂ ಸಾಲದೆ ಬರುವುದು. ಬೀದಿಯಲ್ಲಿ ಓಡಿಸುವವನು ಆ ಮಿತಿಯ ಹತ್ತಿರಕ್ಕೂ ಹೋಗಲಾರನು, ಹೋಗಲೂ ಬಾರದು. ಅವನ ವೇಗವೆಲ್ಲವೂ ಎರವಲು ತಂದುದು. 2007ರ ಕಾರಿನಲ್ಲಿ ಗುಂಡಿಯೊತ್ತಿ ಪೆಡಲನ್ನು ತುಳಿದರೆ ಅನುಭವವಿಲ್ಲದವನೂ ನೂರು ಕಿಲೋಮೀಟರಿನ ವೇಗವನ್ನು ನಾಲ್ಕು ಸೆಕೆಂಡಿನೊಳಗೆ ಮುಟ್ಟಬಲ್ಲನು. ಎರವಲು ನಗವನ್ನು ತೊಟ್ಟು ಮದುವೆಯಲ್ಲಿ ಮೆರೆಯುವುದು ತಪ್ಪಲ್ಲ. ತನ್ನದೆಂದು ಹೇಳಿಕೊಳ್ಳುವುದರಲ್ಲಿ ಮಾತ್ರ ತಪ್ಪಿದೆ. ಕ್ಲಚ್ಚಿಗಾಗಿ ಅಳುವವರ ವಾದದಲ್ಲಿ ನಿಲ್ಲುವ ಅಂಶ ಇದೊಂದೇ, ಮತ್ತು ಅದು ಸಣ್ಣದಲ್ಲ.

ಇನ್ನು ತೀರ್ಪು ಹೇಳುವವರ ಅರ್ಹತೆಯ ಮಾತು. ಈ ಕಾರನ್ನು ಕುರಿತು ವಾದಿಸುವವರಲ್ಲಿ ಬಹುಮಂದಿ ಅದರಲ್ಲಿ ಕುಳಿತವರಲ್ಲ. ಅನೇಕರು ಕಣ್ಣಾರೆ ಕಂಡವರೂ ಅಲ್ಲ. ಗ್ರಾನ್ ಟುರಿಸ್ಮೊ ಎಂಬ ಪರದೆಯ ಆಟದಲ್ಲಿ ಅದನ್ನು ಓಡಿಸಿ ಒಲಿದವರು ಅವರು. ಕಾರನ್ನು ಮಾಡಿದವರಿಗೂ ಇದು ತಿಳಿಯದ ಸಂಗತಿಯಲ್ಲ. 2007ರ ಕಾರಿನೊಳಗೆ ಅಂಕಿಗಳನ್ನು ತೋರಿಸುವ ಪರದೆಯನ್ನು ರಚಿಸಿಕೊಟ್ಟವರು ಆ ಆಟವನ್ನು ಮಾಡಿದವರೇ. ಹಾಡಲು ಬಾರದವನಿಗೂ ಸಂಗೀತದ ಗುಣದೋಷಗಳನ್ನು ಹೇಳುವ ಹಕ್ಕಿದೆಯಷ್ಟೆ ಎಂದು ಇವರ ಪಕ್ಷವಹಿಸಿ ಹೇಳಬಹುದು. ಹೋಲಿಕೆಯು ಅರ್ಧ ಮಾತ್ರ ಸರಿ. ಹಾಡದಿದ್ದರೂ ರಸಿಕನು ಹಾಡನ್ನು ಕೇಳಿರುತ್ತಾನೆ. ಅಶ್ವಶಕ್ತಿ ಇಷ್ಟು, ಸೆಕೆಂಡು ಇಷ್ಟು ಎಂಬ ಅಂಕಿಗಳನ್ನಷ್ಟೇ ಓದಿದವನು ರಾಗದ ಲಕ್ಷಣವನ್ನು ಬಾಯಿಪಾಠ ಮಾಡಿ ಕಚೇರಿಗೆ ಹೋಗದವನಂತೆ. ಗೋಡೆಯ ಮೇಲೆ ಚಿತ್ರ ಅಂಟಿಸಿಕೊಂಡ ಬಡ ಹುಡುಗನಿಗೆ ಒಲಿಯುವ ಹಕ್ಕು ಪೂರ್ತಿಯಾಗಿ ಇದೆ, ಅದನ್ನು ಯಾರೂ ಕಸಿಯಲಾಗದು. ಒಲಿಯುವ ಹಕ್ಕು ಬೇರೆ, ತೀರ್ಪಿನ ಹಕ್ಕು ಬೇರೆ. ಹಾಗೆಂದು ಕೊಂಡವನೇ ಉತ್ತಮ ತೀರ್ಪುಗಾರನೆಂದೂ ಹೇಳುವಂತಿಲ್ಲ. 2007ರಲ್ಲಿ 77 ಲಕ್ಷ 70 ಸಾವಿರ ಯೆನ್ ಇದ್ದ ಆರಂಭದ ಬೆಲೆಯು 2023ರ ಮಾದರಿಗೆ ಒಂದು ಕೋಟಿ 37 ಲಕ್ಷವನ್ನು ದಾಟಿತು. ಅಷ್ಟನ್ನು ತೆತ್ತವನು ತೆತ್ತುದು ವ್ಯರ್ಥವೆಂದು ಒಪ್ಪಬೇಕಾದರೆ ಮಹಾತ್ಮನೇ ಆಗಿರಬೇಕು. ಹೆತ್ತವರಿಗೆ ಹೆಗ್ಗಣ ಮುದ್ದಾದರೆ ಹಣ ತೆತ್ತವರಿಗೆ ಇನ್ನೂ ಮುದ್ದು.

ಪ್ರಾಸಂಗಿಕವಾಗಿ ಒಂದು ಮಾತು. 1989ರಿಂದ 2004ರವರೆಗೆ ಜಪಾನಿನ ಕಾರು ತಯಾರಕರೆಲ್ಲರೂ ತಮ್ಮ ಯಾವ ಕಾರಿನ ಬಲವೂ 280 ಅಶ್ವಶಕ್ತಿಯನ್ನು ಮೀರದೆಂದು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದರು. ಕಾಗದದ ಮೇಲೆ ಎಲ್ಲವೂ 280, ಜಿ.ಟಿ.ಆರ್. ಇಂಜಿನು ನಿಜವಾಗಿ ಅದಕ್ಕಿಂತ ಹೆಚ್ಚಿನದೆಂಬುದು ಎಲ್ಲರಿಗೂ ಗೊತ್ತು. ಹೇಳುವವನಿಗೂ ಕೇಳುವವನಿಗೂ ಸುಳ್ಳೆಂದು ತಿಳಿದಿರುವ ಮಾತು ಅಸತ್ಯವಾಗುವುದೋ, ಬರಿಯ ಶಿಷ್ಟಾಚಾರವೋ? ಅಭಿಮಾನಿಗಳಂತೂ ಇದನ್ನು ವಿನಯವೆಂದು ಹೊಗಳಿದರು. ತಮ್ಮ ಮನಸ್ಸಿಗೆ ಹಿಡಿಸಿದವರ ಸುಳ್ಳು ವಿನಯವಾಗುವುದೂ ಹಿಡಿಸದವರ ವಿನಯ ಸುಳ್ಳಾಗುವುದೂ ಲೋಕದ ವಾಡಿಕೆ.

ಈ ಎಲ್ಲ ವಾದಗಳಲ್ಲಿಯೂ ಒಬ್ಬನ ಧ್ವನಿ ಕೇಳಿಬರುವುದಿಲ್ಲ. ಅವನು ಅಭಿಮಾನಿಯಲ್ಲ, ಕೊಂಡವನಲ್ಲ, ಮಾಡಿದವನಲ್ಲ. ಅದೇ ಬೀದಿಯ ಮಗ್ಗುಲಲ್ಲಿ ಮನೆಮಾಡಿಕೊಂಡು ರಾತ್ರಿ ನಿದ್ರೆಮಾಡುವವನು, ಬೆಳಗ್ಗೆ ಅದೇ ಬೀದಿಯನ್ನು ದಾಟುವವನು. 2023ರ ತಿದ್ದುಪಡಿಯಲ್ಲಿ ಹೆಚ್ಚು ಕಣ್ಣೀರಿಗೆ ಕಾರಣವಾದುದು ಸೈಲೆನ್ಸರು. ಶಬ್ದದ ನಿಯಮಗಳಿಗೆ ಹೊಂದದೆ 2022ರಲ್ಲಿ ಈ ಕಾರಿನ ಮಾರಾಟವು ಯುರೋಪಿನಲ್ಲಿ ನಿಂತಿತ್ತು. ಜಪಾನಿನಲ್ಲಿಯೂ ಹಾಗಾಗದಿರಲೆಂದು ಅದರ ಗರ್ಜನೆಯನ್ನು ತಗ್ಗಿಸಿದರು. ಸಿಂಹದ ಬಾಯಿ ಕಟ್ಟಿದರೆಂದು ಅಭಿಮಾನಿಗಳು ನೊಂದುಕೊಂಡರು. ಸೌಂದರ್ಯದ ಹೆಸರಿನಲ್ಲಿ ಅವರು ಬೇಡುವುದು ಪರರ ಮೌನವನ್ನು. ಸಂಗೀತಗಾರನು ತನ್ನ ಹಾಡನ್ನು ಕೇಳಬಯಸುವವರನ್ನು ಮಂಟಪಕ್ಕೆ ಕರೆಯುವನು. ಅರ್ಧರಾತ್ರಿಯಲ್ಲಿ ಮನೆಮನೆಯ ಬಾಗಿಲಿಗೂ ಹೋಗಿ ತಂಬೂರಿ ಮೀಟುವುದಿಲ್ಲ. ಇನ್ನೊಂದು ವಿಚಿತ್ರವಿದೆ. 2016ರ ತಿದ್ದುಪಡಿಯಲ್ಲಿಯೇ ಕಾರಿನೊಳಗಿನ ಸದ್ದಡಗಿಸಲು ಒಂದು ಯಂತ್ರವನ್ನೂ, ಇಂಜಿನಿನ ನಾದವನ್ನು ಧ್ವನಿವರ್ಧಕಗಳಿಂದ ಹೆಚ್ಚಿಸಿ ಕೇಳಿಸಲು ಇನ್ನೊಂದನ್ನೂ ಇರಿಸಿದ್ದರು. ನಾದವು ಒಲಿದವನ ಕಿವಿಗೆ ಒಳಗೇ ಸಿಕ್ಕುವುದಾದರೆ ಹೊರಗಿನವನನ್ನು ಎಬ್ಬಿಸಬೇಕೆಂಬ ಹಟವೇಕೆ? ಕೃತಕವಾದುದು ಬೇಡ, ನಿಜವಾದುದೇ ಬೇಕೆಂಬುದು ಉತ್ತರ. ಆ ಉತ್ತರದಲ್ಲಿ ರಸಿಕತೆಯೂ ಇದೆ, ನಾಲ್ವರು ತಿರುಗಿ ನೋಡಲೆಂಬ ಚಪಲವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವ ಪ್ರಾಮಾಣಿಕತೆ ಅಭಿಮಾನಿಗೆ ಬಂದರೆ ಅವನ ಮಾತಿಗೆ ಇಂದಿಗಿಂತ ತೂಕ ಬರುವುದು.

ಜಪಾನಿನಲ್ಲಿ ಮಾರಿದ ಕಾರಿನಲ್ಲಿ ಈ ಹೊರಗಿನವನ ಪರವಾಗಿ ಒಂದು ಕಾವಲನ್ನು ಮೊದಲೇ ಇಟ್ಟಿದ್ದರು. ಗಂಟೆಗೆ 180 ಕಿಲೋಮೀಟರಿಗೆ ವೇಗವು ತಾನಾಗಿ ಕಟ್ಟುಬೀಳುವುದು. ಉಪಗ್ರಹದ ಮೂಲಕ ತಾನು ಗೊತ್ತಾದ ಪಂದ್ಯದ ಅಂಕಣದಲ್ಲಿರುವೆನೆಂದು ಕಾರಿಗೆ ತಿಳಿದರೆ ಮಾತ್ರ ಆ ಕಟ್ಟನ್ನು ಬಿಚ್ಚಲಾಗುವುದು. ಒಡೆಯನನ್ನು ನಂಬದ ಕುದುರೆಯೆಂದು ಇದನ್ನು ಹಳಿದವರುಂಟು. ತನಗೆ ತಾನೇ ಹಾಕಿಕೊಂಡ ಕಡಿವಾಣಕ್ಕೂ ಪರರು ಹಾಕಿದುದಕ್ಕೂ ಭೇದವಿದೆ, ಮೊದಲನೆಯದು ಶೀಲ, ಎರಡನೆಯದು ಬರಿಯ ಬೇಲಿ ಎಂದು ಅವರು ಹೇಳಬಹುದು. ಮಾತು ನಿಜ. ಆದರೆ ಶೀಲವು ಕುದುರುವವರೆಗೆ ಬೀದಿಯಲ್ಲಿ ನಡೆಯುವ ಮಗುವು ಕಾದಿರಬೇಕೆಂದು ಯಾವ ಧರ್ಮಶಾಸ್ತ್ರವೂ ಹೇಳಲಾರದು.

ಹಳೆಯದನ್ನೇ ಮತ್ತೆ ಮತ್ತೆ ತಿದ್ದಿದರೆಂಬ ದೂರು ಉಳಿಯಿತು. ಇದರಲ್ಲಿ ದೂರುವವರಿಗಿಂತ ಕೆಲಸಗಾರರ ಪಕ್ಷವೇ ಮೇಲಾಗಿ ಕಾಣುವುದು. 2007ರಲ್ಲಿ 480 ಇದ್ದ ಅಶ್ವಶಕ್ತಿಯು 2010ರಲ್ಲಿ 530, 2011ರಲ್ಲಿ 550, 2016ರಲ್ಲಿ 570 ಆಯಿತು. ಬಲ ಬೆಳೆಯದ ವರ್ಷಗಳಲ್ಲಿಯೂ ಸ್ಪ್ರಿಂಗಿನ ಬಿಗಿ, ಬ್ರೇಕಿನ ಹಿಡಿತ, ಗೇರಿನ ನಯ ಇವುಗಳ ಮೇಲೆ ಕೈಯಾಡಿಸುತ್ತಲೇ ಬಂದರು. 2016ರಲ್ಲಿ ಚಾಲಕನ ಮುಂದಿದ್ದ 27 ಗುಂಡಿಗಳನ್ನು 11ಕ್ಕೆ ಇಳಿಸಿದರು. ಕೂಡಿಸುವುದಕ್ಕಿಂತ ಕಳೆಯುವುದು ಕಷ್ಟವೆಂಬುದನ್ನು ಬರೆಯುವ ಅಭ್ಯಾಸವುಳ್ಳವರು ಬಲ್ಲರು. ಯೋಕೋಹಾಮಾದ ಕಾರ್ಖಾನೆಯ ಧೂಳಿಲ್ಲದ ಕೋಣೆಯೊಂದರಲ್ಲಿ ಪ್ರತಿಯೊಂದು ಇಂಜಿನನ್ನೂ ಒಬ್ಬನೇ ಕುಶಲಿಯು ಮೊದಲಿನಿಂದ ಕೊನೆಯವರೆಗೆ ಕೈಯಿಂದ ಜೋಡಿಸುತ್ತಿದ್ದನು. ಅವರನ್ನು ತಕುಮಿ ಎನ್ನುವರು. ಅಂಥವರು ಒಂಬತ್ತು ಮಂದಿ ಇದ್ದರು. ಇಂಜಿನಿನ ಮೇಲೆ ಅವನ ಹೆಸರಿನ ಫಲಕವನ್ನು ಹಚ್ಚುತ್ತಿದ್ದರು. ಹೊಸತಿಲ್ಲವೆಂದು ದೂರುವವನು ಈ ಫಲಕವನ್ನು ಓದಿದಂತೆ ಕಾಣುವುದಿಲ್ಲ. ಒಂದೇ ಕೆಲಸವನ್ನು ಹದಿನೆಂಟು ವರ್ಷ ಮಾಡಿದ ಕೈಗೆ ಬೇಸರ ಬಾರದಿದ್ದುದೇ ಅದ್ಭುತ. ನೋಡುವ ಕಣ್ಣಿಗೆ ಮಾತ್ರ ಬೇಸರ ಬಂದಿತು.

2025ನೆಯ ಇಸವಿಯ ಆಗಸ್ಟ್ 26ರಂದು ಟೋಚಿಗಿಯ ಕಾರ್ಖಾನೆಯಿಂದ ಆ ಪೀಳಿಗೆಯ ಕೊನೆಯ ಕಾರು ಹೊರಬಂದಿತು. ನಡುರಾತ್ರಿಯ ನೇರಳೆ ಎಂದು ಹೆಸರಿಟ್ಟ ಬಣ್ಣ ಅದಕ್ಕೆ; ಜಪಾನಿನವರೇ ಒಬ್ಬರು ಅದನ್ನು ಕೊಂಡರು. ಅಲ್ಲಿಗೆ ಸುಮಾರು 48,000 ಕಾರುಗಳಾಗಿದ್ದುವು. ಎರಡು ವರ್ಷದ ಹಿಂದೆ ಮುದುಕನಿಗೆ ಹೊಸ ಅಂಗಿಯೆಂದು ನಕ್ಕವರಲ್ಲಿಯೇ ಹಲವರು ಅಂದು ದುಃಖಿಸಿದರು. ಇನ್ನು ಇಂಥದು ಹುಟ್ಟದೆಂದರು. ಮನುಷ್ಯನು ಓಡಿಸುತ್ತಿದ್ದ ಕಾರುಗಳ ಕಾಲ ಇದರೊಡನೆ ಮುಗಿಯಿತೆಂದರು. ಈ ಕಾರನ್ನು ಕುರಿತೇ 2007ರಲ್ಲಿ ಓಡಿಸುವ ಕೆಲಸವನ್ನೆಲ್ಲ ಯಂತ್ರವೇ ಕಿತ್ತುಕೊಂಡಿತೆಂಬ ದೂರು ಎದ್ದಿತ್ತು. ಹೆಸರು ಮುಂದೊಂದು ದಿನ ಮರಳಿ ಬರುವುದೆಂದು ಕಂಪನಿಯವರು ಸೂಚಿಸಿದರು. 2023ರ ಅಕ್ಟೋಬರಿನಲ್ಲಿಯೇ ಅವರು ವಿದ್ಯುತ್ತಿನಿಂದ ಓಡುವ ಒಂದು ಕಲ್ಪನೆಯ ಕಾರನ್ನು ಪ್ರದರ್ಶಿಸಿದ್ದರು. ಅದರ ಹಿಂಬದಿಯ ದೀಪಗಳನ್ನು ಕಂಡವರು ವಂಶವನ್ನು ಗುರುತಿಸದಿರಲಿಲ್ಲ. ಇಂಜಿನು ಇಲ್ಲದುದು, ಸದ್ದಿಲ್ಲದುದು ಜಿ.ಟಿ.ಆರ್. ಹೇಗಾದೀತೆಂದು ವಾದವು ಆಗಲೇ ಮೊದಲಾಯಿತು.